ಶಾಲಾ ಆಡಳಿತಕ್ಕೆ ತಂತ್ರಾಂಶ: ಕೊಳ್ಳುವ ಮುನ್ನ ಕಚೇರಿಯ ಗುಮಾಸ್ತರನ್ನು ಕೇಳಿ

ಪ್ರವೇಶಾತಿ, ಹಾಜರಿ, ಶುಲ್ಕ, ಅಂಕಪಟ್ಟಿ, ವರ್ಗಾವಣಾ ಪತ್ರ, ಶಿಕ್ಷಕರ ಸಂಬಳ, ಬಸ್ಸಿನ ಲೆಕ್ಕ... ಇವೆಲ್ಲವೂ ಒಂದೇ ತಂತ್ರಾಂಶದಲ್ಲಿ! ಒಂದೇ ಆಡಳಿತ ಮಂಡಳಿಯ ಅಧೀನದಲ್ಲಿ ಹತ್ತಾರು ಶಾಲೆಗಳಿರುವಾಗ ಇಂಥ ಏರ್ಪಾಡು ಯಾರಿಗೆ ಬೇಡ? ಮಾರಾಟಕ್ಕೆ ಬರುವ ಕಂಪೆನಿಗಳಿಗೂ ಕೊರತೆಯಿಲ್ಲ. ದೊಡ್ಡ ಪರದೆಯ ಮೇಲೆ ಬಣ್ಣಬಣ್ಣದ ನಕ್ಷೆಗಳನ್ನು ತೋರಿಸಿ, ಮಗುವೊಂದಕ್ಕೆ ವರ್ಷಕ್ಕೆ ಇಷ್ಟು ರೂಪಾಯಿ ಎಂದು ದರ ಹೇಳಿ, ಮುಂದಿನ ಜೂನ್ ಒಂದರಿಂದಲೇ ಆರಂಭಿಸೋಣ ಎನ್ನುತ್ತಾರೆ. ಸಭೆಯಲ್ಲಿ ಕುಳಿತವರು ತಲೆಯಾಡಿಸುತ್ತಾರೆ.

ಆದರೆ ಆ ಸಭೆಯಲ್ಲಿ ಸಾಮಾನ್ಯವಾಗಿ ಇಲ್ಲದಿರುವ ಒಬ್ಬರಿದ್ದಾರೆ. ಅವರೇ ಶಾಲಾ ಕಚೇರಿಯ ಗುಮಾಸ್ತರು. ನಾಳೆ ಆ ತಂತ್ರಾಂಶಕ್ಕೆ ಮಾಹಿತಿ ತುಂಬುವವರು, ಹೆತ್ತವರ ಪ್ರಶ್ನೆಗೆ ಕಿಟಕಿಯಲ್ಲಿ ನಿಂತು ಉತ್ತರಿಸುವವರು ಅವರು. ಅವರನ್ನು ಕೇಳದೆ ತಂತ್ರಾಂಶ ಆರಿಸಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಲಾಸ್ ಏಂಜಲೀಸ್ ನಗರದ ಶಾಲೆಗಳು ದೊಡ್ಡ ಪಾಠ ಕಲಿಸಿವೆ.

ಸಂಬಳವೇ ತಪ್ಪಿದಾಗ

ಅಮೆರಿಕದಲ್ಲಿ ಸರಕಾರಿ ಶಾಲೆಗಳನ್ನು ನಡೆಸುವುದು ಸ್ಕೂಲ್ ಡಿಸ್ಟ್ರಿಕ್ಟ್ ಎಂಬ ಸ್ಥಳೀಯ ಸಂಸ್ಥೆ. ಅದಕ್ಕೆ ಸಾಮಾನ್ಯವಾಗಿ ಜನರೇ ಆರಿಸಿದ ಮಂಡಳಿ ಇರುತ್ತದೆ. ಶಿಕ್ಷಕರ ನೇಮಕ, ಸಂಬಳ, ವಿದ್ಯಾರ್ಥಿಗಳ ದಾಖಲೆ ಎಲ್ಲವೂ ಅದರ ಜವಾಬ್ದಾರಿ. ಲಾಸ್ ಏಂಜಲೀಸ್ ಡಿಸ್ಟ್ರಿಕ್ಟ್ ನ್ಯೂಯಾರ್ಕ್ ಬಿಟ್ಟರೆ ಆ ದೇಶದಲ್ಲೇ ಅತಿ ದೊಡ್ಡದು.

2007ರ ಆರಂಭದಲ್ಲಿ ಈ ಡಿಸ್ಟ್ರಿಕ್ಟ್ ಹಳೆಯ ಸಂಬಳ ವ್ಯವಸ್ಥೆಯನ್ನು ಕೈಬಿಟ್ಟು ಸುಮಾರು 9.5 ಕೋಟಿ ಡಾಲರ್ ಯೋಜನೆಯ ಹೊಸ ವ್ಯವಸ್ಥೆಗೆ ಬದಲಾಯಿತು. ತಂತ್ರಾಂಶ ಸ್ಯಾಪ್ ಕಂಪೆನಿಯದು, ಅಳವಡಿಸಿದ್ದು ಡೆಲಾಯ್ಟ್ ಸಂಸ್ಥೆ. ಎರಡೂ ಜಗತ್ಪ್ರಸಿದ್ಧ ಹೆಸರುಗಳೇ. ಆದರೂ ಸಂಬಳದ ದಿನ ಸಾವಿರಾರು ಶಿಕ್ಷಕರಿಗೆ ಕಡಿಮೆ ಹಣ ಬಂತು, ಕೆಲವರಿಗೆ ಬರಲೇ ಇಲ್ಲ, ಇನ್ನು ಕೆಲವರಿಗೆ ಸಲ್ಲಬೇಕಾದುದಕ್ಕಿಂತ ಹೆಚ್ಚು ಬಂತು. ಹೀಗೆ ಹೆಚ್ಚುವರಿಯಾಗಿ ಹೋದ ಮೊತ್ತವೇ ಸುಮಾರು 5 ಕೋಟಿ ಡಾಲರ್. ಮನೆ ಸಾಲದ ಕಂತು ಕಟ್ಟಲಾಗದೆ ಪರದಾಡಿದ ಶಿಕ್ಷಕರು ಬೀದಿಗಿಳಿದು ಪ್ರತಿಭಟಿಸಿದರು. ಎಲ್ಲವೂ ಒಂದು ಹದಕ್ಕೆ ಬರಲು ಸುಮಾರು ಒಂದು ವರ್ಷವೇ ಬೇಕಾಯಿತು. 2008ರಲ್ಲಿ ಡೆಲಾಯ್ಟ್ ಸಂಸ್ಥೆ 82.5 ಲಕ್ಷ ಡಾಲರ್ ಕೊಟ್ಟು ವಿವಾದವನ್ನು ಇತ್ಯರ್ಥಪಡಿಸಿಕೊಂಡಿತು.

ಕಾರಣವೇನು? ಶಿಕ್ಷಕರ ಸಂಬಳದ ನಿಯಮಗಳು ಜಟಿಲವಾಗಿದ್ದವು. ಹಗಲು ಒಂದು ಶಾಲೆ, ಸಂಜೆ ಇನ್ನೊಂದು ತರಗತಿ, ಬೇಸಿಗೆಯಲ್ಲಿ ಮತ್ತೊಂದು ಕೆಲಸ, ಒಂದೊಂದಕ್ಕೂ ಒಂದೊಂದು ದರ. ಹಳೆಯ ದಾಖಲೆಗಳಲ್ಲಿ ತಪ್ಪುಗಳಿದ್ದವು. ಅವನ್ನು ತಿದ್ದದೆ ಹೊಸ ಯಂತ್ರಕ್ಕೆ ಸುರಿಯಲಾಯಿತು. ಶಾಲಾ ಕಚೇರಿಯವರಿಗೆ ತರಬೇತಿ ಸಾಲಲಿಲ್ಲ. ಹೊಲಸು ನೀರನ್ನು ಹೊಸ ಕೊಡಕ್ಕೆ ತುಂಬಿದರೆ ನೀರು ಶುದ್ಧವಾದೀತೇ?

ಅದೇ ಊರು, ಅದೇ ತಪ್ಪು

ಏಳು ವರ್ಷಗಳ ಬಳಿಕ ಅದೇ ಡಿಸ್ಟ್ರಿಕ್ಟ್ ವಿದ್ಯಾರ್ಥಿಗಳ ದಾಖಲೆಗೆ 'ಮೈಸಿಸ್' ಎಂಬ ಸಮಗ್ರ ವ್ಯವಸ್ಥೆ ತಂದಿತು. ಇದರ ಮೂಲ ಉದ್ದೇಶ ಒಳ್ಳೆಯದಿತ್ತು. ಅಂಗವಿಕಲ ಮಕ್ಕಳಿಗೆ ಸಿಗಬೇಕಾದ ನೆರವು ಸಿಗುತ್ತಿಲ್ಲ, ಮಗು ಶಾಲೆ ಬದಲಿಸಿದಾಗ ಅದರ ದಾಖಲೆ ಹಿಂದೆಯೇ ಉಳಿಯುತ್ತದೆ ಎಂಬ ಮೊಕದ್ದಮೆಯ ಫಲವಾಗಿ 1996ರಲ್ಲೇ ನ್ಯಾಯಾಲಯದ ಮೂಲಕ ಒಪ್ಪಂದವಾಗಿತ್ತು. ಮಕ್ಕಳ ಜಾಡು ಹಿಡಿಯುವ ವ್ಯವಸ್ಥೆ ಬೇಕೆಂಬುದು ಅದರ ಭಾಗ. ಕೊನೆಗೆ ಕ್ಯಾಲಿಫೋರ್ನಿಯದ್ದೇ ಫ್ರೆಸ್ನೊ ಡಿಸ್ಟ್ರಿಕ್ಟ್‌ನ ತಂತ್ರಾಂಶವನ್ನು ಪಡೆದು, ತಮಗೆ ಬೇಕಾದಂತೆ ಬದಲಿಸಿಕೊಂಡರು. ಫ್ರೆಸ್ನೊ ಎಷ್ಟೋ ಪಾಲು ಚಿಕ್ಕದು. ಲಾಸ್ ಏಂಜಲೀಸಿನಲ್ಲಿ ಆಗ ಇದ್ದ ಮಕ್ಕಳ ಸಂಖ್ಯೆ 6 ಲಕ್ಷಕ್ಕೂ ಮಿಕ್ಕಿ.

2014ರ ಆಗಸ್ಟ್‌ನಲ್ಲಿ ಶಾಲೆ ಆರಂಭವಾದ ದಿನವೇ ಎಲ್ಲ ಕಡೆ ಇದನ್ನು ಚಾಲೂ ಮಾಡಲಾಯಿತು. ಸಿದ್ಧತೆ ಸಾಲದೆಂದು ಮೊದಲೇ ಎಚ್ಚರಿಸಿದವರಿದ್ದರು, ಕಿವಿಗೊಟ್ಟವರಿರಲಿಲ್ಲ. ಹಾಜರಿ ಹಾಕಲು ಆಗಲಿಲ್ಲ, ಮಕ್ಕಳಿಗೆ ತಪ್ಪು ತರಗತಿಗಳು ಸಿಕ್ಕಿದವು, ಕಾಲೇಜು ಪ್ರವೇಶಕ್ಕೆ ಬೇಕಾದ ಅಂಕಪಟ್ಟಿಗಳಲ್ಲಿ ತಪ್ಪುಗಳು ನುಸುಳಿದವು. ಜೆಫರ್ಸನ್ ಹೈಸ್ಕೂಲಿನಲ್ಲಿ ಮಕ್ಕಳು ಸರಿಯಾದ ವೇಳಾಪಟ್ಟಿಯಿಲ್ಲದೆ ವಾರಗಟ್ಟಲೆ ಕಾಲ ಕಳೆಯಬೇಕಾಯಿತು. ಅಕ್ಟೋಬರಿನಲ್ಲಿ ನ್ಯಾಯಾಧೀಶರು ರಾಜ್ಯ ಸರಕಾರವೇ ಮಧ್ಯಪ್ರವೇಶಿಸಬೇಕೆಂದು ಆದೇಶಿಸಿದರು. ಅದೇ ತಿಂಗಳು ಡಿಸ್ಟ್ರಿಕ್ಟ್‌ನ ಮುಖ್ಯಸ್ಥ ಜಾನ್ ಡೀಸಿ ರಾಜೀನಾಮೆ ಕೊಟ್ಟರು. ಅವರ ನಿರ್ಗಮನಕ್ಕೆ ಬೇರೆ ಕಾರಣಗಳೂ ಇದ್ದವು, ಇದೂ ಒಂದು. ಸರಿಪಡಿಸುತ್ತಾ ಹೋದಂತೆ ಒಟ್ಟು ಖರ್ಚು 13 ಕೋಟಿ ಡಾಲರ್ ದಾಟಿತು.

ಗಮನಿಸಿ, ಜೆಫರ್ಸನ್ ಹೈಸ್ಕೂಲು ಶ್ರೀಮಂತರ ಮಕ್ಕಳ ಶಾಲೆಯಲ್ಲ. ಅದು ನಗರದ ಬಡ ಭಾಗದಲ್ಲಿದೆ. ಯಂತ್ರ ಕೈಕೊಟ್ಟಾಗ ಮನೆಪಾಠ ಇಟ್ಟುಕೊಳ್ಳಬಲ್ಲ ಮಗು ಹೇಗೋ ಪಾರಾಗುತ್ತದೆ. ಶಾಲೆಯೊಂದನ್ನೇ ನಂಬಿದ ಮಗು ದಿನಗಳನ್ನೇ ಕಳೆದುಕೊಳ್ಳುತ್ತದೆ.

ಬೀಗದ ಕೈ ಯಾರ ಬಳಿ?

ಸಮಗ್ರ ತಂತ್ರಾಂಶದ ಇನ್ನೊಂದು ಅಪಾಯ ಬೇರೆಯದೇ ಬಗೆಯದು. ಎಲ್ಲ ಮಾಹಿತಿ ಒಂದೇ ಕಡೆ ಇದ್ದರೆ, ಕಳ್ಳನಿಗೂ ಒಂದೇ ಬಾಗಿಲು ಸಾಕು. ಉತ್ತರ ಅಮೆರಿಕದ ಸಾವಿರಾರು ಶಾಲಾ ಆಡಳಿತಗಳು ಬಳಸುವ ಪವರ್‌ಸ್ಕೂಲ್ ತಂತ್ರಾಂಶಕ್ಕೆ 2024ರ ಡಿಸೆಂಬರಿನಲ್ಲಿ ಕನ್ನ ಬಿತ್ತು. ಗ್ರಾಹಕರಿಗೆ ನೆರವಾಗುವ ವಿಭಾಗದ ಒಂದು ಲಾಗಿನ್ ಕಳವಾದದ್ದೇ ಸಾಕಾಯಿತು. ಅಲ್ಲಿನ ಸರಕಾರಿ ವಕೀಲರ ಪ್ರಕಾರ 6 ಕೋಟಿಗೂ ಮಿಕ್ಕಿದ ವಿದ್ಯಾರ್ಥಿಗಳ ಮಾಹಿತಿ ಅಪಾಯಕ್ಕೆ ಸಿಲುಕಿತು. ಹೆಸರು, ವಿಳಾಸ ಮಾತ್ರವಲ್ಲ, ಕೆಲವು ಕಡೆ ಮಕ್ಕಳ ಕಾಯಿಲೆಯ ವಿವರಗಳೂ ಅದರಲ್ಲಿದ್ದವು. ಕಂಪೆನಿ ಹಣ ಕೊಟ್ಟು, ಮಾಹಿತಿಯನ್ನು ಅಳಿಸಿಹಾಕಿದ್ದೇವೆ ಎಂಬ ಭರವಸೆಯನ್ನು ಕಳ್ಳರಿಂದ ಪಡೆಯಿತು. ಆದರೆ 2025ರ ಮೇ ತಿಂಗಳಲ್ಲಿ ಅದೇ ಮಾಹಿತಿ ತೋರಿಸಿ ಶಾಲಾ ಮಂಡಳಿಗಳನ್ನೇ ಬೆದರಿಸುವ ಸಂದೇಶಗಳು ಬಂದವು! ಈ ಪ್ರಕರಣದಲ್ಲಿ ತಪ್ಪೊಪ್ಪಿಕೊಂಡು ಅದೇ ವರ್ಷ ಜೈಲು ಶಿಕ್ಷೆಗೆ ಗುರಿಯಾದವನು 19 ವರ್ಷದ ವಿದ್ಯಾರ್ಥಿ.

ಕೆನಡದ ಟೊರೊಂಟೊ ಶಾಲಾ ಮಂಡಳಿ ಪ್ರಕಟಿಸಿದ ಸಂಗತಿ ಇನ್ನೂ ಕಳವಳಕಾರಿ. ಕಳವಾದ ಮಾಹಿತಿಯಲ್ಲಿ 1985ರಷ್ಟು ಹಿಂದಿನ ವಿದ್ಯಾರ್ಥಿಗಳ ವಿವರವೂ ಇರಬಹುದೆಂದು ಅದು ತಿಳಿಸಿತು. ಶಾಲೆ ಬಿಟ್ಟು ನಲವತ್ತು ವರ್ಷವಾದವರ ಮಾಹಿತಿ ಬಳಕೆಯ ತಂತ್ರಾಂಶದಲ್ಲಿ ಏಕಿರಬೇಕು? ಬೇಡದ್ದನ್ನು ಇಟ್ಟುಕೊಳ್ಳದಿದ್ದರೆ ಕಳವಾಗುವ ಭಯವೂ ಇಲ್ಲ.

ಮಾಲಿಕರು ಬದಲಾಗುವುದನ್ನೂ ನೆನಪಿಡಬೇಕು. ಪವರ್‌ಸ್ಕೂಲನ್ನು 2001ರಲ್ಲಿ ಆ್ಯಪಲ್ ಕೊಂಡಿತು, 2006ರಲ್ಲಿ ಪಿಯರ್ಸನ್ ಪಡೆಯಿತು, 2015ರಲ್ಲಿ ಹೂಡಿಕೆ ಸಂಸ್ಥೆಯೊಂದರ ಪಾಲಾಯಿತು, 2024ರಲ್ಲಿ ಇನ್ನೊಂದು ಹೂಡಿಕೆ ಸಂಸ್ಥೆ ಕೊಂಡಿತು. ಒಂದನೆಯ ತರಗತಿಯ ಮಗು ಹನ್ನೆರಡನೆಯದಕ್ಕೆ ಬರುವಷ್ಟರಲ್ಲಿ ಅದರ ದಾಖಲೆ ಎರಡು ಕೈ ದಾಟಿರಬಹುದು. ಇನ್ನು ಕಂಪೆನಿಯೇ ಮುಳುಗಿದರೆ? ಲಾಸ್ ಏಂಜಲೀಸ್ ಡಿಸ್ಟ್ರಿಕ್ಟ್ 2024ರ ಮಾರ್ಚಿನಲ್ಲಿ ಅದ್ದೂರಿಯಾಗಿ ಬಿಡುಗಡೆ ಮಾಡಿದ 'ಎಡ್' ಎಂಬ ಕೃತಕ ಬುದ್ಧಿಮತ್ತೆಯ ಸಹಾಯಕನನ್ನು ತಯಾರಿಸಿದ ಕಂಪೆನಿ ಮೂರು ತಿಂಗಳಲ್ಲೇ ಹೆಚ್ಚಿನ ಸಿಬ್ಬಂದಿಯನ್ನು ಮನೆಗೆ ಕಳುಹಿಸಿತು.

ನಮ್ಮ ಶಾಲೆಗಳ ಮಾತು

ಸ್ಕೂಲ್ ಡಿಸ್ಟ್ರಿಕ್ಟ್ ಎಂಬುದು ನಮ್ಮಲ್ಲಿಲ್ಲ, ನಿಜ. ಆದರೆ ಧರ್ಮಪ್ರಾಂತ್ಯದ ಶಿಕ್ಷಣ ಮಂಡಳಿಗಳು ಮತ್ತು ಧರ್ಮಭಗಿನಿಯರ ಸಂಸ್ಥೆಗಳು ಹತ್ತಾರು ಶಾಲೆಗಳನ್ನು ಒಂದೇ ಛತ್ರದಡಿ ನಡೆಸುತ್ತಿವೆ. ಆದುದರಿಂದ ಪ್ರಶ್ನೆ ಒಂದೇ. ಅದಕ್ಕೆ ನಮ್ಮ ನೆಲದ ಕೆಲವು ಸಂಗತಿಗಳೂ ಸೇರಿಕೊಳ್ಳುತ್ತವೆ.

ಮೊದಲನೆಯದಾಗಿ, ನಮ್ಮ ಗುಮಾಸ್ತರು ಈಗಾಗಲೇ ರಾಜ್ಯ ಸರಕಾರದ ಸ್ಯಾಟ್ಸ್ ಮತ್ತು ಕೇಂದ್ರದ ಯುಡೈಸ್ ಪ್ಲಸ್ ಜಾಲತಾಣಗಳಿಗೆ ಮಕ್ಕಳ ಮಾಹಿತಿ ತುಂಬುತ್ತಾರೆ. ಮಂಡಳಿಯ ತಂತ್ರಾಂಶ ಬಂದರೆ ಅದೇ ಮಗುವಿನ ಅದೇ ಹೆಸರನ್ನು ಮೂರನೆಯ ಸಲ ಟೈಪು ಮಾಡಬೇಕಾದೀತು. ಕೆಲಸ ಹಗುರಾಗಲೆಂದು ತಂದದ್ದು ಹೊರೆಯಾಗಬಾರದು.

ಎರಡನೆಯದು ಹೆಸರಿನ ಸಮಸ್ಯೆ. ಕರಾವಳಿಯ ಕ್ರೈಸ್ತ ಕುಟುಂಬಗಳಿಗೆ ಇದು ಚೆನ್ನಾಗಿ ಗೊತ್ತು. ಡಿಸೋಜ ಎಂಬ ಕುಲನಾಮದ ಇಂಗ್ಲಿಷ್ ಕಾಗುಣಿತ ಜ್ಞಾನಸ್ನಾನದ ಪುಸ್ತಕದಲ್ಲಿ ಒಂದು, ಜನನ ಪ್ರಮಾಣಪತ್ರದಲ್ಲಿ ಇನ್ನೊಂದು, ಆಧಾರ್ ಕಾರ್ಡಿನಲ್ಲಿ ಮತ್ತೊಂದು ಇರುವುದುಂಟು. ನಡುವಿನ ಆ ಚಿಕ್ಕ ಚಿಹ್ನೆಯನ್ನು ಕೆಲವು ತಂತ್ರಾಂಶಗಳು ಒಪ್ಪುವುದೇ ಇಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಉಳಿದ ಒಂದಕ್ಷರದ ತಪ್ಪು ಮುಂದೆ ಪಾಸ್‌ಪೋರ್ಟಿಗೂ ಗಲ್ಫಿನ ಕೆಲಸಕ್ಕೂ ತೊಡಕಾಗುತ್ತದೆ. ಲಾಸ್ ಏಂಜಲೀಸಿನ ಪಾಠ ಇಲ್ಲಿ ನೇರವಾಗಿ ಅನ್ವಯಿಸುತ್ತದೆ: ದಾಖಲೆ ಮೊದಲು ಶುದ್ಧವಾಗಲಿ, ಯಂತ್ರ ಆಮೇಲೆ ಬರಲಿ.

ಮೂರನೆಯದು ಎಲ್ಲಕ್ಕಿಂತ ಗಂಭೀರ. ಶುಲ್ಕದ ಲೆಕ್ಕ ಮತ್ತು ಅಂಕಪಟ್ಟಿ ಒಂದೇ ತಂತ್ರಾಂಶದಲ್ಲಿದ್ದರೆ, ಬಾಕಿ ಇರುವ ಮಗುವಿನ ಅಂಕಪಟ್ಟಿ ತಾನಾಗಿಯೇ ತಡೆಹಿಡಿಯುವಂತೆ ಮಾಡುವುದು ಒಂದು ಗುಂಡಿಯೊತ್ತುವಷ್ಟು ಸುಲಭ. ಹಿಂದೆ ತಂದೆ ಕಾಯಿಲೆ ಬಿದ್ದರೆ, ಮೀನುಗಾರಿಕೆಗೆ ರಜೆ ಇದ್ದರೆ, ತಾಯಿ ಸಂಚಾಲಕರನ್ನೋ ಮುಖ್ಯೋಪಾಧ್ಯಾಯಿನಿಯನ್ನೋ ಕಂಡು ಹೇಳಿಕೊಳ್ಳುತ್ತಿದ್ದಳು. ಅವರು ವಿಚಾರಿಸಿ ತೀರ್ಮಾನಿಸುತ್ತಿದ್ದರು. ಯಂತ್ರಕ್ಕೆ ವಿಚಾರಿಸಲು ಬರುವುದಿಲ್ಲ. ರಿಯಾಯಿತಿ ಕೊಡುವ ಅಧಿಕಾರ ಶಾಲೆಯಲ್ಲೇ, ಮನುಷ್ಯರ ಕೈಯಲ್ಲೇ ಉಳಿಯಬೇಕೆಂಬುದನ್ನು ಮಂಡಳಿ ಮೊದಲೇ ನಿರ್ಧರಿಸಬೇಕು. ಬಡ ಮಕ್ಕಳಿಗಾಗಿ ಆರಂಭವಾದ ಶಾಲೆಗಳಿಗೆ ಇದು ಸಣ್ಣ ವಿಷಯವಲ್ಲ.

ನಾಲ್ಕನೆಯದು ಕಾನೂನು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ನಿಯಮಗಳನ್ನು ಹಂತ ಹಂತವಾಗಿ ಜಾರಿಗೆ ತರಲು 2025ರ ನವೆಂಬರಿನಲ್ಲಿ ಪ್ರಕಟಿಸಲಾಗಿದೆ. ಮಾಹಿತಿಯನ್ನು ಕಂಪೆನಿಯ ಕೈಗೆ ಕೊಟ್ಟರೂ ಹೊಣೆ ಅದನ್ನು ಸಂಗ್ರಹಿಸಿದ ಸಂಸ್ಥೆಯದ್ದೇ. 18 ವರ್ಷದೊಳಗಿನವರ ವಿಷಯದಲ್ಲಿ ಹೆತ್ತವರ ಒಪ್ಪಿಗೆಯ ನಿಯಮ ಬಿಗಿಯಾಗಿದೆ. ಸೂಕ್ತ ಭದ್ರತೆ ಇಡದಿದ್ದರೆ 250 ಕೋಟಿ ರೂಪಾಯಿವರೆಗೂ ದಂಡ ವಿಧಿಸಲು ಅವಕಾಶವಿದೆ. 'ಅದು ಕಂಪೆನಿಯವರ ತಪ್ಪು' ಎಂದರೆ ನಡೆಯದು.

ಹಾಗಾದರೆ ಏನು ಮಾಡಬೇಕು?

ತಂತ್ರಾಂಶ ಬೇಡವೆಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ನೆರೆಯ ಕೇರಳದಲ್ಲಿ ಮುಕ್ತ ತಂತ್ರಾಂಶವಾದ ಫೆಡೆನಾವನ್ನು ಆಧರಿಸಿದ 'ಸಂಪೂರ್ಣ' ವ್ಯವಸ್ಥೆ 15,000ಕ್ಕೂ ಹೆಚ್ಚು ಶಾಲೆಗಳನ್ನು ತಲುಪಿತು. ದುಬಾರಿಯಾದದ್ದೇ ಒಳ್ಳೆಯದು ಎಂಬ ಭ್ರಮೆ ಬೇಡ ಎಂಬುದಕ್ಕೆ ಇದು ಸಾಕ್ಷಿ. ಆದರೆ ಆರಿಸುವ ಮುನ್ನ ಕೆಲವು ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ಪಡೆಯಬೇಕು.

1. ಆಯ್ಕೆ ಸಮಿತಿಯಲ್ಲಿ ಗುಮಾಸ್ತರು, ತರಗತಿ ಶಿಕ್ಷಕರು, ಶಿಕ್ಷಕ ರಕ್ಷಕ ಸಂಘದ ಪ್ರತಿನಿಧಿ ಇದ್ದಾರೆಯೇ? ಕಂಪೆನಿಯವರ ಮಾದರಿಯ ಬದಲು ನಮ್ಮದೇ ಶಾಲೆಯ ಒಂದು ತರಗತಿಯ ದಾಖಲೆಯನ್ನು ಗುಮಾಸ್ತರೇ ತುಂಬಿ ನೋಡಿದ್ದಾರೆಯೇ?

2. ಮೊದಲು ಎರಡು ಮೂರು ಶಾಲೆಗಳಲ್ಲಿ ಒಂದು ಪೂರ್ಣ ವರ್ಷ ಪ್ರಯೋಗ ನಡೆಯುತ್ತದೆಯೇ? ಅದರಲ್ಲಿ ಪೇಟೆಯ ದೊಡ್ಡ ಶಾಲೆಯಂತೆ, ಕರೆಂಟು ಮತ್ತು ಅಂತರ್ಜಾಲ ಮಳೆಗಾಲದಲ್ಲಿ ಕೈಕೊಡುವ ಹಳ್ಳಿ ಶಾಲೆಯೂ ಇರಲಿ. ಆ ಅವಧಿಯಲ್ಲಿ ಹಳೆಯ ರಿಜಿಸ್ಟರುಗಳನ್ನು ಬದಿಗಿಡಬಾರದು.

3. ಸ್ಯಾಟ್ಸ್‌ಗೂ ಯುಡೈಸ್ ಪ್ಲಸ್‌ಗೂ ಬೇಕಾದ ಮಾಹಿತಿಯನ್ನು ಮತ್ತೆ ಟೈಪು ಮಾಡದೆ ತೆಗೆಯಲು ಬರುತ್ತದೆಯೇ?

4. ಒಪ್ಪಂದ ಮುಗಿದರೆ ನಮ್ಮ ದಾಖಲೆಗಳೆಲ್ಲವೂ ಸಾಮಾನ್ಯ ಗಣಕಯಂತ್ರದಲ್ಲಿ ತೆರೆಯಬಲ್ಲ ರೂಪದಲ್ಲಿ, ಹಣ ಕೇಳದೆ, ವಾಪಸು ಸಿಗುತ್ತವೆಯೇ? ಕೆಲವು ಶಾಲೆಗಳದ್ದನ್ನಷ್ಟೇ ಬೇರ್ಪಡಿಸಲು ಬರುತ್ತದೆಯೇ? 2012ರಲ್ಲಿ ಉಡುಪಿ ಪ್ರತ್ಯೇಕ ಧರ್ಮಪ್ರಾಂತ್ಯವಾದುದನ್ನು ನೆನೆದರೆ ಈ ಪ್ರಶ್ನೆಯ ಮಹತ್ವ ತಿಳಿದೀತು.

5. ಮಗುವಿನ ಕಾಯಿಲೆ, ಮನೆಯ ತೊಂದರೆ, ಜಾತಿ, ಆದಾಯ ಇವುಗಳನ್ನು ಯಾರು ನೋಡಬಹುದು? ಶಾಲೆ ಬಿಟ್ಟ ಎಷ್ಟು ವರ್ಷಗಳ ಬಳಿಕ ಯಾವುದನ್ನು ಅಳಿಸಲಾಗುತ್ತದೆ? ಪಾಸ್‌ವರ್ಡ್ ಕಳವಾದರೂ ಒಳನುಗ್ಗದಂತೆ ಎರಡನೆಯ ತಪಾಸಣೆ ಇದೆಯೇ?

6. ಜೂನ್ ಒಂದಕ್ಕೆ ಸಿದ್ಧವಾಗದಿದ್ದರೆ ಮುಂದೂಡುವ ಧೈರ್ಯ ಮಂಡಳಿಗಿದೆಯೇ?

ಕೊನೆಯ ಪ್ರಶ್ನೆಯೇ ನಿರ್ಣಾಯಕ. ಲಾಸ್ ಏಂಜಲೀಸಿನಲ್ಲಿ ಎರಡು ಸಲವೂ ಹಣಕ್ಕೆ, ತಜ್ಞರಿಗೆ ಕೊರತೆಯಿರಲಿಲ್ಲ. ತಡೆಯಿರಿ, ಇನ್ನೂ ಸಿದ್ಧವಾಗಿಲ್ಲ ಎಂದವರ ಮಾತಿಗೆ ಬೆಲೆ ಇರಲಿಲ್ಲ.

ಹೆತ್ತವರು ಮಗುವಿನ ಕೈ ಹಿಡಿದು ಶಾಲೆಗೆ ಸೇರಿಸುವಾಗ ಅದರ ಹುಟ್ಟಿದ ದಿನ, ಮನೆಯ ವಿಳಾಸ, ಕಾಯಿಲೆ ಕಸಾಲೆ ಎಲ್ಲವನ್ನೂ ನಂಬಿ ಹೇಳುತ್ತಾರೆ. ಅವರು ನಂಬಿದ್ದು ಶಾಲೆಯನ್ನು, ಯಾವುದೋ ಕಂಪೆನಿಯನ್ನಲ್ಲ. ಆದುದರಿಂದ ಬರುವ ಶಿಕ್ಷಕ ರಕ್ಷಕ ಸಂಘದ ಸಭೆಯಲ್ಲಿ ಈ ವಿಷಯವನ್ನು ಪ್ರಸ್ತಾವಿಸಿ. ಸಂಚಾಲಕರಲ್ಲಿ ಗೌರವದಿಂದಲೇ ಕೇಳಿ. ಹಾಗೆಯೇ ಕಚೇರಿಯ ಕಿಟಕಿಯ ಹಿಂದೆ ಕುಳಿತ ಗುಮಾಸ್ತರನ್ನೂ ಒಮ್ಮೆ ಕೇಳಿ ನೋಡಿ: 'ಇದರಿಂದ ನಿಮಗೆ ಅನುಕೂಲವಾದೀತೇ?'