ಒಂದೇ ಚಕ್ರ ತಾನೇ ಅಂದರೆ ಮುಗಿಯಿತೇ?

ಮರುಭೂಮಿಗೆ ಹೋಗಿ ಬಂದವರ ಬರಹಗಳಲ್ಲಿ ಒಂದು ಮಾತು ತಪ್ಪದೆ ಬರುತ್ತದೆ: "ಯಾರೂ ಕಾಲಿಡದ ನೆಲ." ನಾವು ಪತ್ರಿಕೆಯವರೂ ಇದನ್ನು ಧಾರಾಳವಾಗಿ ಬರೆಯುತ್ತೇವೆ, ಪುರವಣಿ ಡೆಸ್ಕಿಗೆ ಇಂಥ ಸಾಲು ಇಷ್ಟ. ಈಗ ಈ ಮಾತನ್ನು ನಂಬಿಕೊಂಡು ಯುನಿಸೈಕಲ್ ಸವಾರರೂ ಮರುಭೂಮಿಗೆ ಇಳಿಯುತ್ತಿದ್ದಾರೆ. ನನ್ನ ತಕರಾರು ಆ ಮಾತಿನ ಮೇಲೆ.

ಯುನಿಸೈಕಲ್ ಅಂದರೆ ಸರ್ಕಸ್ಸಿನ ಜೋಕರ್ ಓಡಿಸುವ ಒಂಟಿ ಚಕ್ರದ ಸೈಕಲ್ಲೇ. ಅದಕ್ಕೆ ದಪ್ಪ ಟೈರು ಹಾಕಿ ಬೆಟ್ಟ, ಬಂಡೆಗಳ ಮೇಲೆ ಓಡಿಸುವವರಿದ್ದಾರೆ. ಅಲಾಸ್ಕಾದ ಸೀವರ್ಡ್ ಊರಿನ ಜಾರ್ಜ್ ಪೆಕ್ 1980ರ ದಶಕದಲ್ಲೇ ಇದನ್ನು ಮಾಡುತ್ತಿದ್ದರು. ಕೆನಡಾದ ಕ್ರಿಸ್ ಹೋಮ್ ಜ್ವಾಲಾಮುಖಿ ಪರ್ವತಗಳಿಂದಲೂ ಇಳಿದು ತೋರಿಸಿದರು. ಮೌಂಟನ್ ಯುನಿಸೈಕ್ಲಿಂಗ್, ಚುಟುಕಾಗಿ ಮ್ಯೂನಿ. ಈ ಆಟದ ಬಗ್ಗೆ ನನಗೆ ಯಾವ ಸಿಟ್ಟೂ ಇಲ್ಲ. ಸ್ಕೂಟಿ ಬಿಟ್ಟು ಬೇರೇನನ್ನೂ ಓಡಿಸಲು ಬಾರದ ನನಗೆ ಅದನ್ನು ನೋಡಿದರೆ ಬೆರಗೇ.

ಅರಿಜೋನಾದ ಫೀನಿಕ್ಸಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನ ಚಿಕ್ಕಪ್ಪನ ಮಗನಿಗೆ ಮ್ಯೂನಿ ಹುಚ್ಚು. ಯೂಟಾ ರಾಜ್ಯದ ಮೋಆಬ್‌ಗೆ ಹೋಗುತ್ತೇನೆ ಅಂದ. ಟ್ರೇಲ್ ಹೇಗೆ ಹುಡುಕುತ್ತೀಯ ಎಂದು ಕೇಳಿದೆ. "ಹುಡುಕೋದೇನಕ್ಕಾ, ಎಲ್ಲಾ ಖಾಲಿ ಬಿದ್ದಿರೋ ಜಾಗ. ಒಂದೇ ಚಕ್ರ ತಾನೇ, ಯಾರಿಗೇನು ತೊಂದರೆ?" ಅವನೊಬ್ಬನೇ ಹೀಗಂದಿದ್ದರೆ ಫೋನಿನಲ್ಲೇ ಜಗಳವಾಡಿ ಮುಗಿಸುತ್ತಿದ್ದೆ. ಆದರೆ ಇದು ಬಹಳ ಜನರ ಲೆಕ್ಕಾಚಾರ.

ಮೊದಲಿಗೆ "ಖಾಲಿ" ಅನ್ನುವ ಮಾತು. ಯೂಟಾದ ಅರ್ಧಕ್ಕಿಂತ ಹೆಚ್ಚು ನೆಲ ಅಮೆರಿಕದ ಒಕ್ಕೂಟ ಸರ್ಕಾರದ್ದು. ಮೋಆಬ್ ಸುತ್ತ ನಾಲ್ಕು ಹೆಜ್ಜೆಗೊಂದು ಕಾನೂನು. ಆರ್ಚಸ್, ಕ್ಯಾನ್ಯನ್‌ಲ್ಯಾಂಡ್ಸ್ ಎರಡೂ ರಾಷ್ಟ್ರೀಯ ಉದ್ಯಾನಗಳು. ಅಲ್ಲಿ ಸೈಕಲ್ ರಸ್ತೆಯ ಮೇಲೆ ಮಾತ್ರ, ನಡೆಯುವ ಟ್ರೇಲುಗಳಲ್ಲಿ ಇಲ್ಲ. ಪಕ್ಕದ ಬಹುಪಾಲು ನೆಲ ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್ ಕೈಯಲ್ಲಿ. ಅಲ್ಲಿ ಗುರುತು ಮಾಡಿದ ದಾರಿಗಳಿವೆ. ವೈಲ್ಡರ್‌ನೆಸ್ ಎಂದು ಘೋಷಿಸಿದ ನೆಲಕ್ಕೆ 1964ರ ಕಾಯ್ದೆ ಅನ್ವಯ. ಅದು ಯಾಂತ್ರಿಕ ಸಾಗಣೆಯನ್ನೇ ನಿಷೇಧಿಸುತ್ತದೆ. ಚಕ್ರ ಎಷ್ಟು ಎಂದು ಅದು ಎಣಿಸುವುದಿಲ್ಲ. ಇನ್ನೂ ದಕ್ಷಿಣಕ್ಕೆ ಹೋದರೆ ನವಾಹೋ ನೇಷನ್. ಅಲ್ಲಿ ಟ್ರೇಲಿಗೆ ಇಳಿಯುವ ಮುಂಚೆ ಆ ಜನರ ಆಡಳಿತದಿಂದಲೇ ಪರವಾನಗಿ ಪಡೆಯಬೇಕು. ಬೇಲಿ ಇಲ್ಲ ಅಂದ ಮಾತ್ರಕ್ಕೆ ಪಹಣಿಯೂ ಇಲ್ಲ ಅಂದುಕೊಳ್ಳುವುದು ಪೇಟೆಯವರ ಬುದ್ಧಿ.

ಕಾನೂನು ಬಿಡಿ, ಕಾನೂನು ಮುರಿದು ದಕ್ಕಿಸಿಕೊಂಡವರು ಎಲ್ಲ ಕಡೆಯೂ ಇದ್ದಾರೆ. ನೆಲವನ್ನೇ ನೋಡೋಣ. ಮೋಆಬಿನ ಕೆಂಪು ಮರಳಿನ ಮೇಲೆ, ಗಿಡಗಳ ನಡುವೆ, ಕಪ್ಪಗೆ ಗುಳ್ಳೆಗುಳ್ಳೆಯಾಗಿ ಸೀದ ರೊಟ್ಟಿಯ ಹಾಗೆ ಒಂದು ಪದರ ಕಾಣುತ್ತದೆ. ಅದು ಜೀವಂತ. ಮಳೆ ಬಿದ್ದಾಗ ಸೈನೋಬ್ಯಾಕ್ಟೀರಿಯಾ ಎಂಬ ಸೂಕ್ಷ್ಮಜೀವಿಗಳು ಎಚ್ಚೆತ್ತು ಅಂಟಂಟಾದ ಎಳೆ ಬಿಡುತ್ತಾ ಮರಳಿನ ಕಣಗಳನ್ನು ಒಂದಕ್ಕೊಂದು ಹೊಲಿಯುತ್ತವೆ. ಅದರ ಮೇಲೆ ಕಲ್ಲುಹೂವು, ಹಾವಸೆ ಹತ್ತುತ್ತವೆ. ಗಾಳಿಯಿಂದ ಸಾರಜನಕ ಹಿಡಿದು ನೆಲಕ್ಕೆ ಕೊಡುವುದು, ಮಣ್ಣು ಹಾರಿಹೋಗದಂತೆ ತಡೆಯುವುದು ಎರಡೂ ಇದರ ಕೆಲಸ. ಮೋಆಬಿನಲ್ಲೇ ಇದ್ದುಕೊಂಡು ಜೇನ್ ಬೆಲ್ನಾಪ್ ಎಂಬ ವಿಜ್ಞಾನಿ ಈ ಪದರವನ್ನು ದಶಕಗಳ ಕಾಲ ಅಧ್ಯಯನ ಮಾಡಿದರು. ಒಣಗಿದಾಗ ಇದು ಹಪ್ಪಳದ ಹಾಗೆ ಪುಡಿಯಾಗುತ್ತದೆ. ಒಮ್ಮೆ ಪುಡಿಯಾದರೆ ಮತ್ತೆ ಕೂಡಿಕೊಳ್ಳಲು ವರ್ಷಗಳು, ಎಷ್ಟೋ ಕಡೆ ದಶಕಗಳೇ ಬೇಕು.

ಇಲ್ಲಿ "ಒಂದೇ ಚಕ್ರ" ಅನ್ನುವ ವಾದ ಕುಸಿಯುತ್ತದೆ. ಎರಡು ಚಕ್ರದ ಮೇಲೆ ಹಂಚಿಹೋಗುವ ಮೈಭಾರ ಯುನಿಸೈಕಲ್ಲಿನಲ್ಲಿ ಪೂರ್ತಿ ಒಂದರ ಮೇಲೆ ಕೂರುತ್ತದೆ. ಅದಕ್ಕಿಂತ ದೊಡ್ಡ ವಿಷಯ ಬೇರೆ ಇದೆ. ನಡೆದವನ ಹೆಜ್ಜೆ ಬಿಡಿಬಿಡಿ, ಟೈರಿನ ಗುರುತು ಕಡಿಯದ ಗೆರೆ. ಮಳೆ ನೀರಿಗೆ ಅದು ಕಾಲುವೆ. ಮುಂದಿನ ಸವಾರನಿಗೆ ಅದು ಟ್ರೇಲ್. ಅವನು ಬಂದು ನೋಡುತ್ತಾನೆ, ತೆಳ್ಳಗೆ, ಚೆಂದಗೆ ಒಂದು ಗೆರೆ ಗುಡ್ಡದ ಹಿಂದೆ ಹೋಗಿದೆ. ಅದೇ ದಾರಿ ಅಂದುಕೊಂಡು ಹೊರಡುತ್ತಾನೆ. ಅವನ ಹಿಂದೆ ಹತ್ತು ಜನ. ಜೀಪಿನ ಜಾಡು ಕಂಡರೆ ಯಾರೋ ದಾರಿ ತಪ್ಪಿ ಬಂದಿದ್ದಾರೆ ಅಂತಾದರೂ ಅನಿಸೀತು. ಯುನಿಸೈಕಲ್ಲಿನ ಗೆರೆ ಮಾತ್ರ ಅಧಿಕೃತ ಕಾಲುದಾರಿಯ ಥರವೇ ಕಾಣುತ್ತದೆ.

ದನ ಮೇಯಿಸುವವರು, ಜೀಪಿನವರು ಮಾಡುವುದು ಇದಕ್ಕಿಂತ ಹೆಚ್ಚಲ್ಲವೇ ಎಂದು ಕೇಳುತ್ತಾರೆ. ಹೌದು, ಹೆಚ್ಚು. ಅದರ ಬಗ್ಗೆಯೂ ಬರೆಯಬೇಕು. ಆದರೆ ಪಕ್ಕದ ಮನೆಯವನು ಕೆರೆ ಒತ್ತುವರಿ ಮಾಡಿದ್ದಾನೆ, ಆದ್ದರಿಂದ ನಾನು ಬದು ಸರಿಸುತ್ತೇನೆ ಅನ್ನುವ ನ್ಯಾಯವನ್ನು ನಮ್ಮ ತಾಲ್ಲೂಕು ಕಚೇರಿಯ ಕಟ್ಟೆ ಮೇಲೆ ಬೇಕಾದಷ್ಟು ಕೇಳಿದ್ದೇನೆ.

ಮ್ಯಾಪಿನ ಮೇಲಿನ ಭಕ್ತಿ ಇನ್ನೊಂದು. ಸ್ಟ್ರಾವಾದ ಹೀಟ್‌ಮ್ಯಾಪ್ ತೆರೆದು, ಗೆರೆ ಹೊಳೆಯುವ ಕಡೆ ಟ್ರೇಲ್ ಇದೆ ಎಂದು ಹೊರಡುವವರಿದ್ದಾರೆ. ಆ ಗೆರೆ ಹೇಳುವುದು ಯಾರೋ ಫೋನು ಜೇಬಿನಲ್ಲಿಟ್ಟುಕೊಂಡು ಅಲ್ಲಿ ಹೋಗಿದ್ದರು ಎಂದಷ್ಟೇ. ಹೋಗಬಹುದಿತ್ತೇ ಎಂದು ಅದು ಹೇಳುವುದಿಲ್ಲ. 2018ರಲ್ಲಿ ಅದೇ ನಕ್ಷೆಯಲ್ಲಿ ಸೇನಾ ನೆಲೆಗಳೊಳಗೆ ಸೈನಿಕರು ಓಡಿದ ಜಾಡುಗಳೂ ಹೊಳೆಯುತ್ತಿದ್ದವು. ಹೊಳೆದಿದ್ದೆಲ್ಲ ಸಾರ್ವಜನಿಕ ದಾರಿಯಾದರೆ ಅಲ್ಲಿಗೂ ಚಕ್ರ ತಗೊಂಡು ಹೋಗಬಹುದಿತ್ತು.

"ಹೊಸ ಟ್ರೇಲ್ ಕಂಡುಹಿಡಿದೆ" ಎಂದು ವಿಡಿಯೋ ಹಾಕುವವರಿಗೆ ಇನ್ನೊಂದು ಮಾತು. ನೀವು ಕಂಡುಹಿಡಿದಿಲ್ಲ. ವೈಟ್ ರಿಮ್ ರಸ್ತೆ, ಸುತ್ತಿ ಬಂದರೆ ಸುಮಾರು 160 ಕಿಲೋಮೀಟರ್, 1950ರ ದಶಕದಲ್ಲಿ ಯುರೇನಿಯಂ ಅದಿರಿಗಾಗಿ ಕಡಿದದ್ದು. 1952ರಲ್ಲಿ ಚಾರ್ಲಿ ಸ್ಟೀನ್‌ಗೆ ಮೋಆಬ್ ಹತ್ತಿರ ಅದಿರು ಸಿಕ್ಕ ಮೇಲೆ ಆ ಸೀಮೆಯೆಲ್ಲ ಅಗೆಯುವವರಿಂದ ತುಂಬಿಹೋಯಿತು. ಸ್ಲಿಕ್‌ರಾಕ್ ಟ್ರೇಲ್ 1969ರಲ್ಲಿ ಮೋಟಾರ್‌ಸೈಕಲ್‌ಗೆಂದು ಮಾಡಿದ್ದು. ಊರಿನ ಉತ್ತರಕ್ಕಿರುವ ಮೋಆಬ್ ಬ್ರಾಂಡ್ಸ್ ಟ್ರೇಲುಗಳ ಹೆಸರು ಕೇಳಿ: ಬಾರ್ ಎಂ, ಸರ್ಕಲ್ ಓ, ರಾಕಿನ್ ಎ, ಬಾರ್ ಬಿ. ದನಗಳಿಗೆ ಹಾಕುವ ಬರೆಯ ಗುರುತಿನ ಹಾಗೆ ಇಟ್ಟ ಹೆಸರುಗಳು, ಅಕ್ಷರ ಕೂಡಿಸಿದರೆ ಊರಿನ ಹೆಸರು. ಇದಕ್ಕೆಲ್ಲ ಮುಂಚೆ ಅಲ್ಲಿ ಓಡಾಡಿದ ಮೂಲನಿವಾಸಿಗಳ ಚಿತ್ರಗಳು ಇವತ್ತಿಗೂ ಬಂಡೆಗಳ ಮೇಲಿವೆ. 2021ರಲ್ಲಿ ಒಬ್ಬ ಬಂಡೆ ಹತ್ತುವವನು ಮೋಆಬ್ ಸಮೀಪ ಅಂಥ ಕೆತ್ತನೆಯ ಜಾಗದಲ್ಲೇ ಬೋಲ್ಟು ಹೊಡೆದ. ಯಾರೋ ಪಡ್ಡೆಗಳು ಗೀಚಿದ್ದು ಅಂದುಕೊಂಡಿದ್ದನಂತೆ.

ಹಾಗಾದರೆ ಟ್ರೇಲ್ ಹುಡುಕುವುದು ಹೇಗೆ? ಕೇಳಿ ಹುಡುಕುವುದು. ಊರಿನ ನಡುವೆ ಮಾಹಿತಿ ಕೇಂದ್ರ ಇದೆ, ಸೈಕಲ್ ಅಂಗಡಿಗಳಿವೆ. ಅಂಗಡಿಯವನಿಗೆ "ಸುಲಭದ ಟ್ರೇಲ್ ಯಾವುದು" ಎಂದು ಕೇಳಿದರೆ ಮಾತ್ರ ಕೆಟ್ಟಿರಿ, ಏಕೆಂದರೆ ಅವನ ಸುಲಭ ಎರಡು ಚಕ್ರದ ಸುಲಭ. ಯುನಿಸೈಕಲ್ಲಿಗೆ ಸಾಮಾನ್ಯವಾಗಿ ಚೈನಿಲ್ಲ, ಫ್ರೀವೀಲ್ ಇಲ್ಲ. ಪೆಡಲ್ ಒಂದು ಸುತ್ತು ತುಳಿದರೆ ಚಕ್ರ ಒಂದು ಸುತ್ತು. 24 ಇಂಚಿನ ಚಕ್ರವಾದರೆ ಸುಮಾರು ಎರಡು ಮೀಟರ್. ಇಳಿಜಾರಿನಲ್ಲೂ ಕಾಲು ನಿಲ್ಲಿಸುವ ಹಾಗಿಲ್ಲ. ಸೈಕಲ್ಲಿನವನು ವೇಗದಲ್ಲಿ ದಾಟಿಬಿಡುವ ಸಡಿಲ ಮರಳಿನಲ್ಲಿ ಒಂಟಿ ಚಕ್ರ ಹೂತು, ಸವಾರ ಮುಂದಕ್ಕೆ ಹಾರುತ್ತಾನೆ. ಬದಲಿಗೆ ಸೈಕಲ್ಲಿನವರು ಹೆದರುವ ಮೆಟ್ಟಿಲಂಥ ಬಂಡೆಯಲ್ಲಿ ಒಳ್ಳೆಯ ಮ್ಯೂನಿ ಸವಾರ ಕುಪ್ಪಳಿಸಿ ಇಳಿಯುತ್ತಾನೆ. ಆದ್ದರಿಂದ ಹಸಿರು, ನೀಲಿ, ಕಪ್ಪು ಎಂಬ ಕಷ್ಟದ ಗುರುತುಗಳನ್ನು ಪಕ್ಕಕ್ಕಿಟ್ಟು ಕೇಳಬೇಕಾದ್ದು: ಮರಳು ಎಷ್ಟು ದೂರ, ಬಂಡೆ ಎಷ್ಟು ದೂರ, ಏರು ಎಷ್ಟು ಕಡಿದು, ನಡುವೆ ಹಿಂತಿರುಗುವ ಅಡ್ಡದಾರಿ ಇದೆಯೇ, ನೆರಳು ಎಲ್ಲಿ.

ಸ್ಲಿಕ್‌ರಾಕ್ ಅನ್ನುವ ಹೆಸರು ಕೇಳಿ ಜಾರುವ ಬಂಡೆ ಅಂದುಕೊಳ್ಳಬೇಡಿ. ಕಬ್ಬಿಣದ ಲಾಳ ಹೊಡೆದ ಕುದುರೆಗೆ ಜಾರುತ್ತಿತ್ತು, ರಬ್ಬರಿಗೆ ಅದು ಮರಳುಕಾಗದದ ಹಾಗೆ ಹಿಡಿತ ಕೊಡುತ್ತದೆ. ಸುಮಾರು 17 ಕಿಲೋಮೀಟರಿನ ಸುತ್ತು, ಬಂಡೆಯ ಮೇಲೇ ಬಿಳಿ ಬಣ್ಣದ ಪಟ್ಟಿ ಬಳಿದಿದ್ದಾರೆ. ಪಟ್ಟಿ ಹಿಡಿದು ಹೋದರೆ ಕಪ್ಪು ಪದರಕ್ಕೆ ಚಕ್ರ ತಾಗುವುದೇ ಇಲ್ಲ. ಏರುಗಳು ಕಡಿದಾಗಿವೆ, ಹೊಸಬರಿಗಲ್ಲ. ಅವರು ಅಲ್ಲೇ ಇರುವ ಚಿಕ್ಕ ಅಭ್ಯಾಸದ ಸುತ್ತಿನಲ್ಲಿ ತಮ್ಮ ಮಂಡಿ ಪರೀಕ್ಷೆ ಮಾಡಿಕೊಳ್ಳಲಿ. ಒಳಗೆ ಹೋಗಲು ಶುಲ್ಕ ಇದೆ. ಕೊಡಿ. ಜನ ಬಂದು ಹೋಗುವ ಖರ್ಚು ಆ ನೆಲದ ಮೇಲೆ ಬೀಳುತ್ತಿದೆ. ನೀರು ತಲೆಗೆ ದಿನಕ್ಕೆ ನಾಲ್ಕು ಲೀಟರಿಗೆ ಕಡಿಮೆ ಇರಬಾರದು ಎಂದು ಉದ್ಯಾನದವರು ಹೇಳುತ್ತಾರೆ. ಸೈಕಲ್ಲಿಗಿಂತ ನಿಮಗೆ ಹೆಚ್ಚು ಹೊತ್ತು ಬೇಕು, ಬೆನ್ನ ಮೇಲಿನ ನೀರೂ ಹೆಚ್ಚಿರಲಿ.

ಅಮೆರಿಕದ ಮರಳಿನ ಉಸಾಬರಿ ಜಿಲ್ಲಾ ವರದಿಗಾರ್ತಿಗೆ ಯಾಕೆ ಅನ್ನಬಹುದು. "ಖಾಲಿ ಜಾಗ" ಅನ್ನುವ ಪದ ಏನು ಮಾಡುತ್ತದೆ ಎಂಬುದು ನಮ್ಮಂಥವರಿಗೆ ಗೊತ್ತು. ಚಳ್ಳಕೆರೆಯ ಅಮೃತಮಹಲ್ ಕಾವಲಿನ ಸುಮಾರು 10 ಸಾವಿರ ಎಕರೆ ರಕ್ಷಣಾ ಮತ್ತು ಸಂಶೋಧನಾ ಸಂಸ್ಥೆಗಳಿಗೆ ಹೋದಾಗ, ಅಲ್ಲಿ ಕುರಿ ಮೇಯಿಸುತ್ತಿದ್ದವರು, ಆ ಉಣ್ಣೆಯಲ್ಲಿ ಕಂಬಳಿ ನೇಯುತ್ತಿದ್ದವರು ಯಾರ ಕಣ್ಣಿಗೂ ಬೀಳಲಿಲ್ಲ. ಹುಲ್ಲು ಮಾತ್ರ ಬೆಳೆಯುವ ನೆಲ ಕಡತದಲ್ಲಿ ಬರಡಾಗುತ್ತದೆ, ಪತ್ರಿಕೆಯಲ್ಲಿ ಖಾಲಿಯಾಗುತ್ತದೆ, ಆಮೇಲೆ ಗೋಡೆ ಏಳುತ್ತದೆ. ಮೋಜಿಗೆ ಹೋದ ಸವಾರ ಗೋಡೆ ಕಟ್ಟುವುದಿಲ್ಲ, ನಿಜ. ಆದರೆ ಅವನ ವಿಡಿಯೋ ನೋಡಿದ ಸಾವಿರಾರು ಜನರ ಬಾಯಲ್ಲಿ ಅದೇ ಪದ ಕೂರುತ್ತದೆ.

ಯುನಿಸೈಕಲ್ಲಿಗೆ ಒಂದು ಅನುಕೂಲವಿದೆ, ಅದನ್ನು ಸವಾರರೇ ಮರೆಯುತ್ತಾರೆ. ಅದನ್ನು ಹೆಗಲ ಮೇಲೆ ಹಾಕಿಕೊಂಡು ನಡೆಯಬಹುದು. ಟ್ರೇಲ್ ಮರಳಿನಲ್ಲಿ ಮಾಯವಾದರೆ ಇಳಿಯಿರಿ. ಮುಂದಿನ ಗುರುತು ಕಣ್ಣಿಗೆ ಕಂಡರೆ ಬಂಡೆಯ ಮೇಲೆ ಅಥವಾ ಮಳೆನೀರು ಹರಿದು ಬರಿದಾದ ಹಳ್ಳದ ಪಾತ್ರದಲ್ಲಿ ಹೆಜ್ಜೆ ಇಟ್ಟು ಅಲ್ಲಿಗೆ ತಲುಪಿ. ಕಾಣದಿದ್ದರೆ ಬಂದ ಗೆರೆಯಲ್ಲೇ ವಾಪಸ್ಸು ನಡೆಯಿರಿ.