ಬಾಕಿ ಕೇಳುವ ಅಪರಿಚಿತ ಧ್ವನಿ



ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಮಕ್ಕಳ ಅಭ್ಯಾಸ, ಕನ್ನಡ ಶಾಲೆಗಳ ಭವಿಷ್ಯ, ಹೆಣ್ಣುಮಕ್ಕಳ ಲಗ್ನ ಇವೇ ಮೊದಲಾದ ಎಂದಿನ ವಿಷಯಗಳ ನಡುವೆ ಈಚೆಗೆ ಹೊಸದೊಂದು ಚಿಂತೆ ಸೇರಿಕೊಂಡಿದೆ. ಗುರುತಿಲ್ಲದ ಸಂಖ್ಯೆಯಿಂದ ಫೋನು ಬರುತ್ತದೆ. ಆ ಕಡೆಯ ವ್ಯಕ್ತಿಯು ಹಿಂದಿಯಲ್ಲಿಯೋ ಮರಾಠಿಯಲ್ಲಿಯೋ ಮನೆಯವರ ಹೆಸರು ಹಿಡಿದು ಕರೆದು, ಸಾಲ ಬಾಕಿಯಿದೆಯೆಂದೂ ಸಂಜೆಯೊಳಗೆ ಕಟ್ಟದಿದ್ದರೆ ಪೋಲೀಸರು ಮನೆಗೆ ಬರುವರೆಂದೂ ಗದರಿಸುತ್ತಾನೆ. ಸಾಲ ಯಾರದು, ಎಂದಿನದು ಎಂಬುದು ಮನೆಯವರಿಗೆ ತಿಳಿಯದು. ಮಾತನಾಡಿದವನು ಬ್ಯಾಂಕಿನವನೋ, ವಸೂಲಿಯ ಗುತ್ತಿಗೆ ಹಿಡಿದವನೋ, ಬರಿಯ ಮೋಸಗಾರನೋ ಅದೂ ತಿಳಿಯದು. ಆ ದಿನ ಹಂಚಿನ ಮೇಲಿನ ರೊಟ್ಟಿ ಸೀದುಹೋಗುವುದು ಮಾತ್ರ ನಿಶ್ಚಯ.

ನಮ್ಮ ಸೋಲಾಪುರ ಸೀಮೆಗೆ ಸಾಲವಾಗಲಿ ಸಾವಕಾರನಾಗಲಿ ಹೊಸಬರಲ್ಲ. 1875ರಲ್ಲಿ ಪುಣೆ ಜಿಲ್ಲೆಯ ಸುಪಾ ಎಂಬಲ್ಲಿ ರೈತರು ಸಾವಕಾರರ ಮನೆಗಳಿಗೆ ನುಗ್ಗಿ ಸಾಲಪತ್ರಗಳನ್ನು ಹೊರಗೆಳೆದು ಸುಟ್ಟರು. ಆ ಗಲಭೆಯ ತರುವಾಯ 1879ರಲ್ಲಿ ದಖ್ಖನ ರೈತರ ಪರಿಹಾರ ಕಾಯಿದೆ ಬಂದಿತು. ಅದು ಮೊದಲು ಜಾರಿಯಾದ ನಾಲ್ಕು ಜಿಲ್ಲೆಗಳಲ್ಲಿ ಪುಣೆ, ಸಾತಾರಾ, ಅಹಮದನಗರಗಳ ಜೊತೆಗೆ ನಮ್ಮ ಸೋಲಾಪುರವೂ ಒಂದು. (ಅಕ್ಕಲಕೋಟ, ಜತ್ತಗಳು ಆಗ ಸಂಸ್ಥಾನಗಳಾಗಿದ್ದುದರಿಂದ ಅಲ್ಲಿಯ ಮಾತು ಬೇರೆ.) ಹಣದ ಡಿಕ್ರಿಗಾಗಿ ರೈತನನ್ನು ಸೆರೆಗೆ ಹಾಕಬಾರದು, ರೈತನು ಕೊಟ್ಟ ಹಣಕ್ಕೆ ಸಾವಕಾರನು ಪಾವತಿ ಕೊಡಬೇಕು, ಕೇಳಿದರೆ ಲೆಕ್ಕದ ಪಟ್ಟಿ ಒಪ್ಪಿಸಬೇಕು ಎಂಬುದನ್ನು ಆ ಕಾಯಿದೆಯು ವಿಧಿಸಿತ್ತು. ಸುಮಾರು ನೂರೈವತ್ತು ವರ್ಷಗಳ ಹಿಂದೆಯೇ ನಮ್ಮ ಹಿರಿಯರಿಗೆ ದೊರೆತಿದ್ದ ಹಕ್ಕು ಇದು: ಬಾಕಿ ಕೇಳುವವನು ಲೆಕ್ಕ ತೋರಿಸಲಿ. ಇಂದು ಫೋನಿನಲ್ಲಿ ಗದರಿಸುವವನಿಗೆ ನಾವು ಕೇಳಬೇಕಾದುದೂ ಇದನ್ನೇ. ಆದರೆ ಸಾವಕಾರನು ಹೊಸ್ತಿಲಲ್ಲಿ ನಿಂತು ಕೇಳುತ್ತಿದ್ದಾಗ ಅವನ ಮುಖ ಕಾಣುತ್ತಿತ್ತು, ಓಣಿಯ ಹಿರಿಯರು ನಡುವೆ ಬಂದು ಎರಡು ಮಾತು ಆಡಬಹುದಾಗಿತ್ತು. ಫೋನಿಗೆ ಮುಖವಿಲ್ಲ, ಕೇಳುವ ಕಿವಿಯೂ ಒಂದೇ.

ಕೆಲವು ತಿಂಗಳ ಹಿಂದೆ ನಮ್ಮ ಶಾಲೆಯ ಒಬ್ಬ ವಿದ್ಯಾರ್ಥಿಯ ಅಜ್ಜಿಯು ಫೋನನ್ನು ಸೆರಗಿನಲ್ಲಿ ಸುತ್ತಿಕೊಂಡು ನನ್ನ ಕೊಠಡಿಗೆ ಬಂದರು. ಮರಾಠಿಯ ನೋಟೀಸುಗಳನ್ನು ಓದಿಸಿಕೊಳ್ಳಲು ಊರವರು ಶಾಲೆಗೆ ಬರುವುದು ಇಲ್ಲಿ ರೂಢಿಯೇ ಆಗಿದೆ. ಆಕೆಯ ಯಜಮಾನರು ಸೋಲಾಪುರದ ಮಗ್ಗದ ಕಾರ್ಖಾನೆಯಲ್ಲಿ ದುಡಿದು ತೀರಿಕೊಂಡವರು. ಅವರ ಹೆಸರಿನಲ್ಲಿ 38,000 ರೂಪಾಯಿ ಬಾಕಿಯಿದೆಯೆಂದು ಹದಿನೈದು ದಿನಗಳಿಂದ ದಿನಕ್ಕೆ ಏಳೆಂಟು ಸಲ ಕರೆ ಬರುತ್ತಿತ್ತಂತೆ. ಒಮ್ಮೆ ರಾತ್ರಿ ಹತ್ತು ಗಂಟೆಗೂ ಬಂದಿತ್ತು.

“ಮಾಸ್ತರ್ರ, ಅವರು ಹೆಸರು ಬರೋಬ್ಬರಿ ಹೇಳ್ತಾರ್ರೀ, ಊರೂ ಹೇಳ್ತಾರ್ರೀ. ಖರೇನ ಇರಬೇಕಲ್ರೀ? ಇವರು ಹೋಗಿ ಮೂರು ವರ್ಷಾತು. ಸತ್ತವರ ತಲೀ ಮ್ಯಾಲ ಋಣ ಉಳೀಬಾರದ್ರೀ. ಬೋರಮಾಳ ಐತಿ, ಒತ್ತಿ ಇಟ್ಟು ಕಟ್ಟಿಬಿಡ್ತೀನಿ” ಎಂದರು.

ವಾಚಕರು ಗಮನಿಸಬೇಕು. ಆಕೆಯನ್ನು ಅಂಜಿಸಿದ್ದು ಪೋಲೀಸರ ಹೆಸರಲ್ಲ, ಗಂಡನ ಋಣದ ಮಾತು. ನಮ್ಮ ಹೆಣ್ಣುಮಕ್ಕಳ ಈ ಸತ್ಯನಿಷ್ಠೆಯನ್ನೇ ಕೆಲವರು ಬಂಡವಾಳ ಮಾಡಿಕೊಂಡಿದ್ದಾರೆ. “ಅವ್ವಾರ, ಬೋರಮಾಳ ಪೆಟ್ಟಿಗ್ಯಾಗ ಇರಲಿ, ಮೊದಲ ಕಾಗದ ತರಸೂಣು” ಎಂದು ನಾನು ಹೇಳಿದೆ. ಒಂದು ಚೀಟಿಯ ಮೇಲೆ ಕೆಲವು ಪ್ರಶ್ನೆಗಳನ್ನು ದೊಡ್ಡಕ್ಷರದಲ್ಲಿ ಬರೆದು ಮೊಮ್ಮಗನ ಕೈಗೆ ಕೊಟ್ಟೆನು: ಸಾಲ ಕೊಟ್ಟ ಸಂಸ್ಥೆಯ ಹೆಸರೇನು, ಸಾಲದ ಖಾತೆಯ ಸಂಖ್ಯೆ ಯಾವುದು, ಯಾವ ತಾರೀಖಿನಂದು ಯಾವ ಶಾಖೆಯಲ್ಲಿ ಕೊಟ್ಟಿರಿ, ಮಾತನಾಡುತ್ತಿರುವ ನೀವು ಯಾರು, ವಸೂಲಿಗೆ ನಿಮಗೆ ಅಧಿಕಾರ ಕೊಟ್ಟ ಪತ್ರವೆಲ್ಲಿ. ಇಷ್ಟನ್ನೂ ಬರೆಹದಲ್ಲಿ ಕಳುಹಿಸಿರೆಂದು ಹೇಳಿ ಫೋನು ಇಡತಕ್ಕದ್ದು. ನಮ್ಮ ಕಡೆಯಿಂದ ಆಧಾರ ಸಂಖ್ಯೆಯನ್ನಾಗಲಿ, ಬ್ಯಾಂಕಿನ ಖಾತೆಯನ್ನಾಗಲಿ, ಫೋನಿಗೆ ಬಂದ ಓಟಿಪಿಯನ್ನಾಗಲಿ ಹೇಳತಕ್ಕದ್ದಲ್ಲ. ‘ಹೌದು, ಕೊಡಬೇಕು’ ಎಂಬ ಮಾತನ್ನೂ ಆಡತಕ್ಕದ್ದಲ್ಲ.

ಮರುದಿನ ಕರೆ ಬಂದಾಗ ಆರನೆಯ ಇಯತ್ತೆಯ ಆ ಹುಡುಗನೇ ಪ್ರಶ್ನೆಗಳನ್ನು ಓದಿದನು. ಆ ಕಡೆಯವನು ಒಂದು ಫೈನಾನ್ಸ್ ಕಂಪನಿಯ ಹೆಸರನ್ನು ಮಾತ್ರ ಹೇಳಿ, ಉಳಿದುದಕ್ಕೆ ಬೈಗುಳದಿಂದ ಉತ್ತರಿಸಿದನು. ಒಂದು ಹೆಸರಾದರೂ ಸಿಕ್ಕಿತಲ್ಲ. ಇಂಥ ಪ್ರತಿಯೊಂದು ಸಂಸ್ಥೆಯೂ ದೂರುಗಳನ್ನು ವಿಚಾರಿಸುವ ಅಧಿಕಾರಿಯೊಬ್ಬನನ್ನು ನೇಮಿಸಿ, ಆತನ ಹೆಸರು ವಿಳಾಸಗಳನ್ನು ಶಾಖೆಯಲ್ಲಿ ತೂಗುಹಾಕಬೇಕೆಂಬ ನಿಯಮವಿದೆ. ಆ ಅಧಿಕಾರಿಗೆ ಅಜ್ಜಿಯ ಸಹಿಯೊಡನೆ ಪತ್ರ ಬರೆದು ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿದೆವು. ಕರೆ ಬಂದ ಸಂಖ್ಯೆಗಳು, ತಾರೀಖು, ವೇಳೆ, ಆಡಿದ ಮಾತು ಎಲ್ಲವನ್ನೂ ಪಟ್ಟಿ ಮಾಡಿ ಲಗತ್ತಿಸಿದ್ದೆವು. ಮೂರು ವಾರಗಳ ಮೇಲೆ ಉತ್ತರ ಬಂದಿತು. ಯಜಮಾನರು ಆ ಕಂಪನಿಯಿಂದ ಒಂದು ಪೈಯನ್ನೂ ಸಾಲ ಪಡೆದಿರಲಿಲ್ಲ. ಬೇರೊಬ್ಬ ಸಾಲಗಾರನು ಅರ್ಜಿಯಲ್ಲಿ ‘ಪರಿಚಿತರು’ ಎಂಬ ಜಾಗದಲ್ಲಿ ಅವರ ಹೆಸರನ್ನೂ ಮನೆಯ ಫೋನನ್ನೂ ಬರೆದಿದ್ದನು. ‘ನಿಮ್ಮ ಯಜಮಾನರ ಹೆಸರಿದೆ’ ಎಂದು ಅವರು ಹೇಳಿದ್ದು ಸುಳ್ಳಲ್ಲ. ಆದರೆ ಹೆಸರಿದ್ದುದು ಸಾಲಗಾರನೆಂದಲ್ಲ!

ಸಾಲಗಾರ ಸುಮ್ಮನಿದ್ದರೂ ಸಾಕ್ಷಿಗಾರ ಸುಮ್ಮನಿರ ಎಂಬ ಗಾದೆಯಿದೆ. ಈಗ ಸಾಲಗಾರನು ಫೋನು ಮುಚ್ಚಿಟ್ಟು ಸುಮ್ಮನಿರುತ್ತಾನೆ, ಸಾಕ್ಷಿಗಾರನನ್ನು ಸುಮ್ಮನಿರಗೊಡರು. ಆದುದರಿಂದ ಭೇದವನ್ನು ತಿಳಿದಿರಬೇಕು. ಪರಿಚಿತನೆಂದು ಹೆಸರು ಕೊಟ್ಟವನ ಮೇಲೆ ಯಾವ ಹೊಣೆಯೂ ಇಲ್ಲ. ಜಾಮೀನಿಗೆ ಸಹಿ ಹಾಕಿದವನ ಮಾತು ಹಾಗಲ್ಲ. 1872ರ ಕರಾರು ಕಾಯಿದೆಯ ಪ್ರಕಾರ, ಕರಾರಿನಲ್ಲಿ ಬೇರೆ ಹೇಳಿರದಿದ್ದರೆ, ಅವನ ಹೊಣೆಯು ಸಾಲಗಾರನಷ್ಟೇ ಇರುತ್ತದೆ. ಸಾಲಗಾರನನ್ನು ಬಿಟ್ಟು ಮೊದಲು ಅವನನ್ನೇ ಹಿಡಿಯಬಹುದು. ದಾಕ್ಷಿಣ್ಯಕ್ಕೆ ಬಿದ್ದು ಸಹಿ ಮಾಡಿ ಕೊಡುವ ನಮ್ಮ ಶಿಕ್ಷಕ ಬಂಧುಗಳು ಇದನ್ನು ಎರಡು ಸಲ ಓದಲಿ.

ಒಂದು ವೇಳೆ ಸಾಲವು ನಿಜವಾಗಿಯೂ ತೀರಿಕೊಂಡವರದೇ ಆಗಿದ್ದರೆ? ಆಗಲೂ ಹೆಂಡತಿ ಮಕ್ಕಳು ತಾವು ಸಹಿ ಮಾಡಿರದಿದ್ದಲ್ಲಿ, ಸತ್ತವರಿಂದ ತಮಗೆ ಬಂದ ಆಸ್ತಿಯ ಮಟ್ಟಿಗೆ ಮಾತ್ರ ಹೊಣೆಗಾರರು. ತಂದೆಯ ಸಾಲವನ್ನು ಮಗನು ಧರ್ಮವೆಂದು ತೀರಿಸಲೇಬೇಕೆಂಬ ಹಳೆಯ ಹಿಂದೂ ನ್ಯಾಯದ ಕಟ್ಟು, 2005ರ ಉತ್ತರಾಧಿಕಾರ ತಿದ್ದುಪಡಿಯ ನಂತರ ಮಾಡಿದ ಸಾಲಗಳಿಗೆ ಅನ್ವಯಿಸುವುದಿಲ್ಲ. ಮನಸ್ಸಿನ ಸಮಾಧಾನಕ್ಕಾಗಿ ತೀರಿಸುವವರನ್ನು ನಾನು ತಡೆಯಲಾರೆ; ಅದು ಅವರವರ ಸಂಸ್ಕಾರ. ಆದರೆ ಲೆಕ್ಕವನ್ನು ಕಣ್ಣಾರೆ ನೋಡದೆ ಕೊಡುವುದು ಸಂಸ್ಕಾರವಲ್ಲ.

ಇನ್ನು ಪೋಲೀಸರ ಬೆದರಿಕೆ. ಸಾಲದ ಕಂತು ತಪ್ಪುವುದು ದಿವಾಣಿ ವ್ಯವಹಾರ, ಅಪರಾಧವಲ್ಲ. ಕೊಟ್ಟ ಚೆಕ್ಕು ಹಣವಿಲ್ಲದೆ ಹಿಂದಿರುಗಿದರೆ ಅಥವಾ ಸುಳ್ಳು ಕಾಗದ ತೋರಿಸಿ ಸಾಲ ಪಡೆದಿದ್ದರೆ ಮಾತು ಬೇರೆ. ದಿವಾಣಿ ವ್ಯವಹಾರದಲ್ಲಿ ಹಣ ವಸೂಲಿಗಾಗಿ ಸೆರೆಗೆ ಕಳುಹಿಸುವುದು ನ್ಯಾಯಾಲಯಕ್ಕೆ ಮಾತ್ರ ಸಾಧ್ಯ, ಅದೂ ಶಕ್ತಿಯಿದ್ದು ಕೊಡದೆ ವಂಚಿಸುವವನನ್ನು. 1908ರ ದಿವಾಣಿ ಪ್ರಕ್ರಿಯಾ ಸಂಹಿತೆಯ 56ನೆಯ ಕಲಮಿನಂತೆ, ಹಣದ ಡಿಕ್ರಿಗಾಗಿ ಹೆಂಗಸರನ್ನು ಸೆರೆಗೆ ಹಾಕುವ ಆಜ್ಞೆಯನ್ನು ನ್ಯಾಯಾಲಯವು ಕೂಡ ಮಾಡುವಂತಿಲ್ಲ. ಈ ಒಂದು ವಾಕ್ಯವನ್ನು ನಮ್ಮ ಬಚತ ಗಟಗಳ ತಾಯಂದಿರು ತಮ್ಮ ವಹಿಯ ಮೊದಲ ಪುಟದಲ್ಲಿ ಬರೆದಿಟ್ಟುಕೊಳ್ಳಬೇಕೆಂದು ನನ್ನ ಆಶೆ. ವೀಡಿಯೋ ಕರೆಯಲ್ಲಿ ಖಾಕಿ ತೊಟ್ಟು ಕಾಣಿಸಿಕೊಂಡು ‘ನಿಮ್ಮನ್ನು ಬಂಧಿಸಿದ್ದೇವೆ, ಕದಲಬೇಡಿರಿ’ ಎನ್ನುವವನಂತೂ ಶುದ್ಧ ಮೋಸಗಾರ. ಫೋನಿನಲ್ಲಿ ಬಂಧಿಸುವ ಕಾನೂನು ನಮ್ಮ ದೇಶದಲ್ಲಿಲ್ಲ. ಇಂಥವರಿಗೆ ಹಣ ಹೋಗಿದ್ದರೆ ಒಂದು ಗಳಿಗೆಯನ್ನೂ ಕಳೆಯದೆ 1930ಕ್ಕೆ ಫೋನು ಮಾಡಬೇಕು. ಹಣವು ಮುಂದಿನ ಕೈಗೆ ಜಾರುವ ಮುನ್ನ ತಡೆಯುವ ಸಂಭವವಿರುತ್ತದೆ.

ಫೋನು ಮಾಡಿದವನು ನಿಜವಾದ ಬ್ಯಾಂಕಿನ ಕಡೆಯವನೇ ಎಂದಿಟ್ಟುಕೊಳ್ಳೋಣ. ಅವನಿಗೂ ಲಗಾಮಿದೆ. 2022ರ ಆಗಸ್ಟ್ 12ರ ಸುತ್ತೋಲೆಯಲ್ಲಿ ರಿಸರ್ವ್ ಬ್ಯಾಂಕು, ಬಾಕಿ ವಸೂಲಿಗಾಗಿ ಮುಂಜಾನೆ 8 ಗಂಟೆಗೆ ಮೊದಲು, ಸಂಜೆ 7 ಗಂಟೆಯ ನಂತರ ಕರೆ ಮಾಡಕೂಡದೆಂದು ವಿಧಿಸಿತು. ಬೈಯುವುದು, ಬೆದರಿಸುವುದು, ನಾಲ್ವರ ಮುಂದೆ ಅವಮಾನಿಸುವುದು, ಸಾಲಗಾರನ ಮನೆಯವರನ್ನೂ ಪರಿಚಿತರನ್ನೂ ಗೆಳೆಯರನ್ನೂ ಪೀಡಿಸುವುದು ನಿಷಿದ್ಧ. ಗುಂಪು ಸಾಲ ಕೊಡುವ ಮೈಕ್ರೋಫೈನಾನ್ಸ್ ಸಾಲಗಳಿಗೆ ವೇಳೆಯು ಇನ್ನೂ ಬಿಗಿಯಾಗಿದೆ: ಮುಂಜಾನೆ 9ರಿಂದ ಸಂಜೆ 6. ವಸೂಲಿಗೆ ಮನೆಗೆ ಬರುವ ಏಜಂಟನ ಬಳಿ ಗುರುತಿನ ಚೀಟಿಯೂ ಬ್ಯಾಂಕಿನ ಅಧಿಕಾರಪತ್ರವೂ ಇರಬೇಕು. ಅಜ್ಜಿಗೆ ರಾತ್ರಿ ಹತ್ತು ಗಂಟೆಗೆ ಬಂದ ಕರೆಯೊಂದೇ ಸಾಕಿತ್ತು, ದೂರು ಕೊಡುವುದಕ್ಕೆ.

ದೂರನ್ನು ಮೊದಲು ಆ ಸಂಸ್ಥೆಗೇ ಬರೆಹದಲ್ಲಿ ಕೊಡಬೇಕು. 30 ದಿನಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನಕರವಾಗಿರದಿದ್ದರೆ, ರಿಸರ್ವ್ ಬ್ಯಾಂಕಿನ ಲೋಕಪಾಲರಿಗೆ ಶುಲ್ಕವಿಲ್ಲದೆ ಬರೆಯಬಹುದು. 14448 ಎಂಬ ಸಂಖ್ಯೆಗೆ ಫೋನು ಮಾಡಿದರೆ ದೂರು ಬರೆಯುವ ಕ್ರಮವನ್ನು ಕನ್ನಡದಲ್ಲಿಯೂ ತಿಳಿಸುತ್ತಾರೆ. ಗಡಿಯಾಚೆಯ ನಮಗೆ ಇದು ಸಣ್ಣ ಮಾತಲ್ಲ. ಇನ್ನೊಂದು ಸಂಗತಿಯೂ ನಮ್ಮವರಿಗೆ ತಿಳಿದಂತಿಲ್ಲ. ಫೈನಾನ್ಸ್ ಕಂಪನಿಗಳು ಸಾಲಗಾರನಿಗೆ ಪ್ರಾದೇಶಿಕ ಭಾಷೆಯಲ್ಲಿ ಅಥವಾ ಅವನಿಗೆ ತಿಳಿಯುವ ಭಾಷೆಯಲ್ಲಿ ವ್ಯವಹರಿಸಬೇಕೆಂದು ರಿಸರ್ವ್ ಬ್ಯಾಂಕಿನ ನ್ಯಾಯೋಚಿತ ವ್ಯವಹಾರದ ನಿಯಮವು ಹೇಳುತ್ತದೆ. ಜತ್ತದ ಕನ್ನಡತಿಯೊಬ್ಬಳು ‘ನನಗೆ ತಿಳಿಯುವ ಭಾಷೆಯಲ್ಲಿ ಕಾಗದ ಕೊಡಿರಿ’ ಎಂದು ಕೇಳುವುದು ಹಟವಲ್ಲ. ಆದರೆ ನಮ್ಮ ಊರೂರಿನ ಪತಸಂಸ್ಥೆಗಳು ಈ ಲೋಕಪಾಲರ ಅಧೀನದಲ್ಲಿಲ್ಲ. ಅವುಗಳ ಮೇಲಿನ ದೂರು ಸಹಕಾರ ಖಾತೆಯ ನಿಬಂಧಕರಿಗೆ ಹೋಗಬೇಕು. ಕರ್ನಾಟಕವು 2025ರಲ್ಲಿ ಕಿರುಸಾಲದ ಬಲಾತ್ಕಾರದ ವಸೂಲಿಯನ್ನು ತಡೆಯಲು ಮಾಡಿದ ಕಾನೂನನ್ನು ಕೆಲವರು ಇಲ್ಲಿಯೂ ಉದಾಹರಿಸುತ್ತಾರೆ. ಅದು ಆ ರಾಜ್ಯದ ಗಡಿಯೊಳಗಿನದು, ನಮಗೆ ಒದಗದು.

ಪುಣೆ, ಮುಂಬಯಿಗಳಲ್ಲಿ ದುಡಿಯುವ ನಮ್ಮ ತರುಣರ ವಿಷಯವಾಗಿ ಒಂದು ಮಾತು. ಕಾಗದವಿಲ್ಲದೆ ಐದು ನಿಮಿಷದಲ್ಲಿ ಸಾಲ ಕೊಡುವ ಆಪುಗಳು ಫೋನಿನಲ್ಲಿಯ ಹೆಸರುಗಳ ಪಟ್ಟಿಯನ್ನು ಎಳೆದುಕೊಂಡು, ಕಂತು ತಪ್ಪಿದೊಡನೆ ಊರಿನ ತಂದೆತಾಯಿಗೂ ಸೋದರಮಾವನಿಗೂ ಕರೆ ಮಾಡಿ ಮಾನ ಕಳೆದ ಉದಾಹರಣೆಗಳು ಬಹಳ. ಹೆಸರುಗಳ ಪಟ್ಟಿಯನ್ನೂ ಚಿತ್ರಗಳನ್ನೂ ಮುಟ್ಟಕೂಡದೆಂದು ರಿಸರ್ವ್ ಬ್ಯಾಂಕು 2022ರಲ್ಲಿಯೇ ಕಟ್ಟಪ್ಪಣೆ ಮಾಡಿದೆ. ಆದುದರಿಂದ ಯಾವ ಆಪು ಅದನ್ನು ಬೇಡುತ್ತದೆಯೋ ಅದನ್ನು ಆ ಕ್ಷಣವೇ ತೆಗೆದುಹಾಕುವುದು ಲೇಸು. ಸಾಲ ಮಾಡಿದ್ದೇ ನಿಜವಾದರೆ ಮಗನು ಮನೆಯಲ್ಲಿ ಹೇಳಲಿ. ಅಪರಿಚಿತನ ಬಾಯಿಂದ ಕೇಳುವುದಕ್ಕಿಂತ ಮಗನ ಬಾಯಿಂದ ಕೇಳುವುದು ತಾಯಿಗೆ ಹಗುರ. ನಮ್ಮ ಹೆಸರಿನಲ್ಲಿ ಬೇರೆಯವರು ಸಾಲ ಎತ್ತಿದ್ದಾರೆಯೇ ಎಂಬ ಸಂಶಯವಿದ್ದವರು, ಸಿಬಿಲ್ ಮೊದಲಾದ ನಾಲ್ಕು ಸಂಸ್ಥೆಗಳಲ್ಲಿ ಪ್ರತಿಯೊಂದರಿಂದಲೂ ವರ್ಷಕ್ಕೊಮ್ಮೆ ತಮ್ಮ ಸಾಲಚರಿತ್ರೆಯ ಪೂರ್ಣ ವರದಿಯನ್ನು ಉಚಿತವಾಗಿ ತರಿಸಿಕೊಳ್ಳಬಹುದು.

ಬಹಳ ಹಳೆಯ ಬಾಕಿಯೆಂದು ಹೇಳಿ, ‘ಸದ್ಯಕ್ಕೆ ಐನೂರಾದರೂ ಹಾಕಿರಿ’ ಎನ್ನುವವರೂ ಉಂಟು. ಒತ್ತೆಯಿಲ್ಲದ ಸಾಮಾನ್ಯ ಕೈಸಾಲಕ್ಕೆ ದಾವೆ ಹೂಡುವ ಅವಧಿಯು ಮೂರು ವರ್ಷ. ಆ ಅವಧಿಯೊಳಗೆ ನಾವು ಬಾಕಿಯನ್ನು ಒಪ್ಪಿ ಬರೆದುಕೊಟ್ಟರೆ, ಅಥವಾ ಲಿಖಿತ ಗುರುತು ಉಳಿಯುವಂತೆ ಅಲ್ಪ ಹಣ ಕಟ್ಟಿದರೆ, ಆ ದಿನದಿಂದ ಅವಧಿಯು ಹೊಸದಾಗಿ ಎಣಿಕೆಯಾಗುತ್ತದೆ. ಆದುದರಿಂದ ಲೆಕ್ಕವೂ ಕಾಗದವೂ ಕೈಗೆ ಬರುವ ಮೊದಲು ಐನೂರೂ ಬೇಡ, ಐದೂ ಬೇಡ.

ಆ ಅಜ್ಜಿಯ ಮನೆಗೆ ಈಗ ಕರೆಗಳು ನಿಂತಿವೆ. ಚೀಟಿಯ ಪ್ರಶ್ನೆಗಳನ್ನು ಮೊಮ್ಮಗನು ತನ್ನ ವಹಿಯಲ್ಲಿ ನಕಲು ಮಾಡಿಕೊಂಡು ಓಣಿಯ ಮೂರು ಮನೆಗಳಿಗೆ ಕೊಟ್ಟಿದ್ದಾನೆಂದು ಕೇಳಿದೆ. ಜಾಮೀನಿಗೆ ಸಹಿ ಹಾಕಿ ಸಿಕ್ಕಿಬಿದ್ದ ಇಬ್ಬರು ವಾಚಕರ ಪತ್ರಗಳು ನನ್ನ ಮೇಜಿನ ಮೇಲಿವೆ. ಆ ಪ್ರಶ್ನೆಯು ದೀರ್ಘವಾದುದರಿಂದ ಅದನ್ನು ಮುಂದಿನ ಸಂಚಿಕೆಯಲ್ಲಿ ಎತ್ತಿಕೊಳ್ಳುವೆನು.