ತಂದೆ-ತಾಯಿ ಹಾಸಿಗೆ ಹಿಡಿದ ಮನೆಗಳ ಮಕ್ಕಳಿಗಾಗಿ ಮನವಿ ಪತ್ರ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು, ಬೀದರ್ ಜಿಲ್ಲೆ, ಬೀದರ್

ವಿಷಯ: ಪೋಷಕರ ಗಂಭೀರ ಕಾಯಿಲೆಯಿಂದ ತೊಂದರೆಗೊಳಗಾದ ಮಕ್ಕಳಿಗೆ ಪ್ರಾಯೋಜಕತ್ವ ನೆರವು ಮತ್ತು ಆಪ್ತಸಮಾಲೋಚನೆ ಒದಗಿಸುವ ಕುರಿತು.

ಮಾನ್ಯರೇ,

ಕ್ಯಾನ್ಸರ್, ಕಿಡ್ನಿ ವೈಫಲ್ಯದಂಥ ಕಾಯಿಲೆ ಬಂದರೆ ಠಾಣಾ ಕುಶನೂರ ಭಾಗದ ಜನ ಬೀದರ್ ದಾಟಿ ಹೈದರಾಬಾದ್, ಸೊಲ್ಲಾಪುರದವರೆಗೂ ಅಲೆಯಬೇಕು. ರೋಗಿಯ ಜೊತೆ ಮನೆಯ ಇನ್ನೊಬ್ಬರು ಹೊರಡುತ್ತಾರೆ. ಮಕ್ಕಳು ಅಜ್ಜಿಯ ಬಳಿಯೋ ಕಾಕಾನ ಮನೆಯಲ್ಲೋ ಉಳಿಯುತ್ತಾರೆ. ದೊಡ್ಡ ಮಗಳು ಅಡುಗೆ, ನೀರು ಎಂದು ಶಾಲೆ ತಪ್ಪಿಸುತ್ತಾಳೆ. ಮಗ ಸೋಯಾ ರಾಶಿಯ ಕೂಲಿಗೆ ಹೋಗುತ್ತಾನೆ. "ಅವ್ವ ಊರಿಗೆ ಹೋಗ್ಯಾಳ, ಬರ್ತಾಳ" ಎಂದು ಹಿರಿಯರು ಮಾತು ಮುಗಿಸುತ್ತಾರೆ. ಮಕ್ಕಳು ನೊಂದಾರೆಂಬ ಕಳಕಳಿಯಿಂದಲೇ ಅವರು ಹಾಗೆ ಹೇಳುವುದು. ಆದರೆ ನಿಜ ತಿಳಿಯದ ಎಳೆಯ ಮಕ್ಕಳು, ತಾವು ಹಠ ಮಾಡಿದ್ದಕ್ಕೇ ಅವ್ವನಿಗೆ ಹೀಗಾಯಿತೆಂದು ಒಳಗೊಳಗೇ ಕೊರಗುವುದುಂಟು.

ಕಾನೂನು ಈ ಮಕ್ಕಳನ್ನು ಮರೆತಿಲ್ಲ. 2015ರ ಬಾಲನ್ಯಾಯ ಕಾಯ್ದೆಯ 45ನೇ ಕಲಮು, ಪೋಷಕರು ಪ್ರಾಣಾಪಾಯದ ಕಾಯಿಲೆಗೆ ತುತ್ತಾದಾಗಲೂ ಮಕ್ಕಳಿಗೆ ಪ್ರಾಯೋಜಕತ್ವ ನೀಡಬಹುದೆಂದು ಹೇಳುತ್ತದೆ. ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಡಿ ಈ ನೆರವು ಮಗುವಿಗೆ ತಿಂಗಳಿಗೆ 4,000 ರೂಪಾಯಿ. ಹಳ್ಳಿಗಳಲ್ಲಿ ಕುಟುಂಬದ ವಾರ್ಷಿಕ ಆದಾಯ 72,000 ರೂಪಾಯಿ ಮೀರಿರಬಾರದು. ಆದರೆ ಇದು ಅನಾಥರಿಗೆ ಮಾತ್ರ ಎಂದೇ ನಮ್ಮಲ್ಲಿ ಹಲವರು ತಿಳಿದಿದ್ದಾರೆ. ತಾಯಿ ತೀರಿಕೊಂಡ ಮೇಲೆ ಬರುವ ನೆರವಿಗಿಂತ, ತಾಯಿ ಬದುಕಿದ್ದಾಗ ಮಗುವನ್ನು ಶಾಲೆಯಲ್ಲಿ ಉಳಿಸುವ ನೆರವು ದೊಡ್ಡದು.

ಆದ್ದರಿಂದ ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರ ಮೂಲಕ ಇಂಥ ಮನೆಗಳನ್ನು ಗುರುತಿಸಿ, ಜಿಲ್ಲಾ ಮಕ್ಕಳ ರಕ್ಷಣಾ ಘಟಕದವರು ಠಾಣಾ ಕುಶನೂರಿನಲ್ಲೇ ಶಿಬಿರ ನಡೆಸಿ ಅರ್ಜಿ ಪಡೆಯಬೇಕು. ರೋಗಿಯನ್ನು ನೋಡಿಕೊಳ್ಳುವವರನ್ನು ಒಂದೊಂದು ಕಾಗದಕ್ಕೂ ಬೀದರ್‌ಗೆ ಓಡಾಡಿಸಬಾರದು. ಪ್ರಾಯೋಜಕತ್ವ ಮಂಜೂರಾತಿ ಸಮಿತಿಯ ಅಧ್ಯಕ್ಷತೆ ತಮ್ಮದೇ ಆಗಿರುವುದರಿಂದ ಬೇರೆಡೆಯ ಆದೇಶಕ್ಕಾಗಿ ಕಾಯಬೇಕಿಲ್ಲ.

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಸಮಾಲೋಚಕರು ತಿಂಗಳಿಗೊಮ್ಮೆ ಇಲ್ಲಿಗೆ ಬರಲಿ. ಗಡಿಭಾಗದ ಎಷ್ಟೋ ಮನೆಗಳ ಮಾತು ಮರಾಠಿ. ಬರುವವರಿಗೆ ಕನ್ನಡ, ಮರಾಠಿ ಎರಡೂ ಬರಬೇಕು. ಮಗುವಿಗೆ ಅದರ ವಯಸ್ಸಿಗೆ ತಕ್ಕಂತೆ ಕಾಯಿಲೆಯ ಹೆಸರು ಹೇಳಿ, ತಪ್ಪು ನಿನ್ನದಲ್ಲ ಎಂದು ತಿಳಿಸುವುದು ಹೇಗೆಂದು ಪಾಲಕರಿಗೂ ಶಿಕ್ಷಕರಿಗೂ ಅವರು ಕಲಿಸಲಿ. ಗೈರುಹಾಜರಾದ ಮಗುವಿನ ಹೆಸರು ತೆಗೆಯುವ ಮುನ್ನ ಶಿಕ್ಷಕರು ಮನೆಗೆ ಹೋಗಿ ವಿಚಾರಿಸಲಿ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416, ಮಕ್ಕಳ ಸಹಾಯವಾಣಿ 1098 ಪ್ರತಿ ಶಾಲೆಯ ಗೋಡೆಯ ಮೇಲಿರಲಿ.

ಬೀದರ್‌ನ ಬ್ರಿಮ್ಸ್ ಆಸ್ಪತ್ರೆಯಲ್ಲಿ ದಾಖಲಾಗುವ ಪ್ರತಿ ಗಂಭೀರ ರೋಗಿಯನ್ನು, ಮನೆಯಲ್ಲಿ ಮಕ್ಕಳೆಷ್ಟು, ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿ ಬರೆದುಕೊಳ್ಳಬೇಕು. ವೈದ್ಯರು ಒಪ್ಪಿದಲ್ಲಿ ಮಕ್ಕಳ ಭೇಟಿಗೆ ಸಮಯ ಗೊತ್ತುಮಾಡಬೇಕು.

ಮೊದಲ ಶಿಬಿರದ ದಿನಾಂಕವನ್ನು ಬೇಗ ಗೊತ್ತುಮಾಡಿ ಗ್ರಾಮ ಪಂಚಾಯಿತಿಗೆ ತಿಳಿಸಬೇಕೆಂದು ಕಳಕಳಿಯಿಂದ ಕೋರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಠಾಣಾ ಕುಶನೂರ ಭಾಗದ ಪಾಲಕರು ಹಾಗೂ ಶಿಕ್ಷಕರು